ಆಫೀಸಿಗೂ ಚಾರಣಕ್ಕೂ ಒಂದೇ ಬ್ಯಾಗ್: ಕೊಳ್ಳುವ ಮುನ್ನ ಇವನ್ನು ಗಮನಿಸಿ

ವಾರವಿಡೀ ಲೋಕಲ್ ರೈಲಿನ ನೂಕುನುಗ್ಗಲು, ಭಾನುವಾರ ರಾಜಗಡದ ಚಾರಣ. ಮುಂಬೈ, ಪುಣೆಯಲ್ಲಿರುವ ಅನೇಕರಿಗೆ ಎರಡಕ್ಕೂ ಒಂದೇ ಬ್ಯಾಗ್ ಸಾಕು. ಆದರೆ ಬರೀ ಬೆಲೆ ನೋಡಿ ಕೊಂಡರೆ ಮೊದಲ ಮಳೆಗಾಲದಲ್ಲೇ ಅದು ಕೈಕೊಡಬಹುದು.

ಗಾತ್ರ: ಲ್ಯಾಪ್‌ಟಾಪ್, ಊಟದ ಡಬ್ಬಿ ಒಯ್ಯಲು ಹಾಗೂ ಒಂದು ದಿನದ ಚಾರಣಕ್ಕೆ 20ರಿಂದ 30 ಲೀಟರ್ ಸಾಕು. ಬೆಟ್ಟದಲ್ಲಿ ರಾತ್ರಿ ತಂಗುವುದಾದರೆ 40 ಲೀಟರ್ ಅಥವಾ ಅದಕ್ಕಿಂತ ದೊಡ್ಡದು ಬೇಕು.

ಬಟ್ಟೆ: ಲೇಬಲ್ ಮೇಲಿನ 'ಡೆನಿಯರ್' ಎಂದರೆ 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಸಂಖ್ಯೆ ಹೆಚ್ಚಿದಷ್ಟೂ ನೂಲು ದಪ್ಪ. ಪಾಲಿಯೆಸ್ಟರ್ ಅಗ್ಗ, ಅಷ್ಟೇ ದಪ್ಪದ ನೈಲಾನ್ ಸಾಮಾನ್ಯವಾಗಿ ಉಜ್ಜಾಟವನ್ನು ಹೆಚ್ಚು ತಾಳುತ್ತದೆ.

ಹೊಲಿಗೆ, ಜಿಪ್: ಬಟ್ಟೆ ಗಟ್ಟಿಯಿದ್ದರೂ ಭುಜದ ಪಟ್ಟಿಯ ಬುಡದಲ್ಲಿ ಹೊಲಿಗೆ ಬಿಟ್ಟರೆ ಬ್ಯಾಗ್ ಕೆಲಸಕ್ಕೆ ಬಾರದು. ಅಲ್ಲಿ ಎರಡು ಮೂರು ಸಾಲು ಹೊಲಿಗೆ ಇದೆಯೇ ನೋಡಿ. ಜಿಪ್ಪನ್ನು ಮೂಲೆಯ ತಿರುವಿನಲ್ಲಿ ನಾಲ್ಕಾರು ಬಾರಿ ಎಳೆದು ಪರೀಕ್ಷಿಸಿ.

ಭಾರ: ಚಾರಣಕ್ಕೆ ಸೊಂಟದ ಪಟ್ಟಿ ಮುಖ್ಯ. ಬಿಗಿಯಾಗಿ ಕಟ್ಟಿದರೆ ಭುಜದ ಭಾರ ಸೊಂಟಕ್ಕೆ ಇಳಿಯುತ್ತದೆ. ಅಂಗಡಿಯಲ್ಲೇ ಬ್ಯಾಗಿಗೆ ತೂಕ ತುಂಬಿ ನಾಲ್ಕು ಹೆಜ್ಜೆ ನಡೆದು ನೋಡಿ.

ಮಳೆ: 'ವಾಟರ್ ರೆಸಿಸ್ಟೆಂಟ್' ಎಂದರೆ ನೀರು ಒಳಬರುವುದೇ ಇಲ್ಲ ಎಂದಲ್ಲ. ಜೋರು ಮಳೆಯಲ್ಲಿ ಹೊಲಿಗೆ, ಜಿಪ್ಪಿನಿಂದ ಜಿನುಗುತ್ತದೆ. ರೇನ್ ಕವರ್ ಇರಲಿ, ಲ್ಯಾಪ್‌ಟಾಪನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ.

ಬಾಳಿಕೆ: ವಾಷಿಂಗ್ ಮಷೀನ್ ಬೇಡ, ಒಳಲೇಪನ ಕಿತ್ತುಬರಬಹುದು. ಕೈಯಲ್ಲೇ ತೊಳೆದು ನೆರಳಲ್ಲಿ ಒಣಗಿಸಿ. ಜಿಪ್ ಕೆಟ್ಟಿತೆಂದು ಬ್ಯಾಗನ್ನೇ ಎಸೆಯಬೇಡಿ. ಎಷ್ಟೋ ಸಲ ರನ್ನರ್ ಬದಲಿಸಿದರೆ ಸಾಕು.