ಬಾಯಿಮಾತಿನ ಅಪ್ಪಣೆ

ಕಳೆದ ಯುಗಾದಿಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಏಳನೆಯ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತು, ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಿದ್ದ ಹುಡುಗ ಈಗ ಜವಾಬ್ದಾರಿಯ ಹುದ್ದೆಯಲ್ಲಿರುವ ಸರ್ಕಾರಿ ಅಧಿಕಾರಿ. ಕಾಫಿ ಕುಡಿದು ಹೊರಡುವಾಗ ಬಾಗಿಲಲ್ಲಿ ನಿಂತು, "ಸಾರ್, ಮೇಲಿನವರು ಬಾಯಲ್ಲಿ ಒಂದು ಕೆಲಸ ಹೇಳ್ತಾರೆ. ಅದು ತಪ್ಪು ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ನಾಳೆ ಸರ್ಕಾರ ಬದಲಾದರೆ ಉತ್ತರ ಕೊಡಬೇಕಾದವರು ಯಾರು?" ಎಂದು ಕೇಳಿದ. ಮೂವತ್ತು ವರ್ಷ ಸಮಾಜ ವಿಜ್ಞಾನ ಬೋಧಿಸಿದ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. "ಬರೆದು ತಿಳಿಸುತ್ತೇನಪ್ಪ" ಎಂದು ಹೇಳಿ ಕಳುಹಿಸಿದೆ. ಈ ಲೇಖನ ಆ ಮಾತಿನ ಋಣ ತೀರಿಸುವ ಪ್ರಯತ್ನ. ನಿಮ್ಮಲ್ಲಿ ಅನೇಕರು ಸರ್ಕಾರಿ ಸೇವೆಯಲ್ಲಿರುವುದರಿಂದ ಇದು ಅವನೊಬ್ಬನಿಗೆ ಮಾತ್ರ ಸಂಬಂಧಿಸಿದ್ದಲ್ಲವೆಂದು ಭಾವಿಸಿದ್ದೇನೆ.

ಅವನ ಪ್ರಶ್ನೆಯನ್ನು ನಮ್ಮ ದೇಶ ಒಮ್ಮೆ ಬಹಿರಂಗವಾಗಿ, ನ್ಯಾಯಾಧೀಶರೊಬ್ಬರ ಮುಂದೆ ಕೇಳಿಕೊಂಡಿತ್ತು. ಅದು ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಷಾ ಆಯೋಗದ ಪ್ರಸಂಗ.

1975ರ ಜೂನ್ 25ರ ರಾತ್ರಿ ಪ್ರಧಾನಿ ಇಂದಿರಾ ಗಾಂಧಿಯವರ ಸಲಹೆಯ ಮೇರೆಗೆ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಕೇಂದ್ರ ಸಚಿವ ಸಂಪುಟಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ. ಅದೇ ರಾತ್ರಿ ದೆಹಲಿಯ ಬಹಾದುರ್ ಷಾ ಜಫರ್ ಮಾರ್ಗದಲ್ಲಿದ್ದ ಪತ್ರಿಕಾ ಮುದ್ರಣಾಲಯಗಳ ವಿದ್ಯುತ್ ಕಡಿತಗೊಂಡಿತು. ಇತ್ತ ಸಂಸದೀಯ ಸಮಿತಿಯೊಂದರ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮತ್ತು ಶ್ಯಾಮನಂದನ ಮಿಶ್ರ ಅವರನ್ನು 26ರಂದು ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹಕ್ಕೆ ಒಯ್ಯಲಾಯಿತು. ಮುಂದಿನ ಹತ್ತೊಂಬತ್ತು ಇಪ್ಪತ್ತು ತಿಂಗಳುಗಳಲ್ಲಿ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನ ವಿಚಾರಣೆಯಿಲ್ಲದೆಯೋ, ಅಲ್ಪ ಕಾರಣಗಳಿಗೋ ಸೆರೆಯಾದರು. ನಮ್ಮ 'ಸಂಸ್ಕಾರ' ಚಲನಚಿತ್ರದಲ್ಲಿ ಚಂದ್ರಿಯ ಪಾತ್ರ ವಹಿಸಿದ್ದ ಸ್ನೇಹಲತಾ ರೆಡ್ಡಿಯವರು ತೀವ್ರ ಆಸ್ತಮಾದಿಂದ ನರಳುತ್ತಲೇ ಅದೇ ಬೆಂಗಳೂರು ಜೈಲಿನಲ್ಲಿ ಎಂಟು ತಿಂಗಳು ಕಳೆದರು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಇಂದು 'ಫ್ರೀಡಂ ಪಾರ್ಕ್' ಎಂದು ಕರೆಯಲ್ಪಡುವ ಉದ್ಯಾನದಲ್ಲಿ ಅಡ್ಡಾಡುವವರು ಒಂದು ಕ್ಷಣ ಇದನ್ನು ನೆನೆಯಬೇಕು.

1977ರ ಮಾರ್ಚಿನ ಚುನಾವಣೆಯಲ್ಲಿ ಜನತಾ ಪಕ್ಷ ಗೆದ್ದು ಮೊರಾರ್ಜಿ ದೇಸಾಯಿ ಪ್ರಧಾನಿಯಾದರು. ಹೊಸ ಸರ್ಕಾರ ಮೇ 28ರಂದು ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ.ಸಿ. ಷಾ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗವನ್ನು ನೇಮಿಸಿತು. ಸುಮಾರು 48 ಸಾವಿರ ದೂರುಗಳು ಬಂದವು. ಸೆಪ್ಟೆಂಬರ್ ಕೊನೆಯಲ್ಲಿ ದೆಹಲಿಯ ಪಟಿಯಾಲಾ ಹೌಸಿನಲ್ಲಿ ಬಹಿರಂಗ ವಿಚಾರಣೆ ಆರಂಭವಾಯಿತು. ಆಗ ನಾನು ಶಾಲೆಯಿಂದ ಬಂದೊಡನೆ ವಾಚನಾಲಯಕ್ಕೆ ಹೋಗಿ ಪತ್ರಿಕೆಯಲ್ಲಿ ಆ ವರದಿಗಳನ್ನೇ ಮೊದಲು ಹುಡುಕುತ್ತಿದ್ದೆ. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಸಾಕ್ಷಿಗಳ ಕಟ್ಟೆಗೆ ಒಬ್ಬರ ಹಿಂದೊಬ್ಬರಂತೆ ಬಂದವರು ದೊಡ್ಡ ದೊಡ್ಡ ಅಧಿಕಾರಿಗಳು. ಪತ್ರಿಕೆಗಳ ವಿದ್ಯುತ್ ಕಡಿದದ್ದೇಕೆ ಎಂಬ ಪ್ರಶ್ನೆಗೆ ದೆಹಲಿ ವಿದ್ಯುತ್ ಸಂಸ್ಥೆಯ ಮುಖ್ಯಸ್ಥರ ಉತ್ತರ, ಲೆಫ್ಟಿನೆಂಟ್ ಗವರ್ನರರ ಅಪ್ಪಣೆಯಾಗಿತ್ತು ಎಂದು. ಬಂಧನದ ಆಜ್ಞಾಪತ್ರಗಳನ್ನು ಸೈಕ್ಲೋಸ್ಟೈಲ್ ಮಾಡಿ, ಹೆಸರಿಗೆ ಜಾಗ ಬಿಟ್ಟು ಸಹಿ ಹಾಕಿದ್ದೂ, ಬಂಧಿಸಿದ ಕಾರಣಗಳನ್ನು ಆಮೇಲೆ ಕುಳಿತು ಬರೆದದ್ದೂ ಬೆಳಕಿಗೆ ಬಂದವು. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಆವರಣದಿಂದ 1975ರ ಸೆಪ್ಟೆಂಬರಿನಲ್ಲಿ ಪ್ರಬೀರ್ ಪುರಕಾಯಸ್ಥ ಎಂಬ ವಿದ್ಯಾರ್ಥಿಯನ್ನು ಪೊಲೀಸರು ಕಾರಿನಲ್ಲಿ ಎಳೆದೊಯ್ದಿದ್ದರು. ಅವರು ಹಿಡಿಯಬೇಕೆಂದಿದ್ದದ್ದು ವಿದ್ಯಾರ್ಥಿ ಸಂಘದ ಅಧ್ಯಕ್ಷನನ್ನು. ಆಳು ತಪ್ಪಿತೆಂದು ತಿಳಿದ ಮೇಲೂ ಬಿಡಲಿಲ್ಲ. ಪೊಲೀಸ್ ಅಧಿಕಾರಿ ಪಿ.ಎಸ್. ಭಿಂಡರ್ ಒತ್ತಾಯಿಸಿದ್ದರಿಂದ ಮ್ಯಾಜಿಸ್ಟ್ರೇಟರು ಮನಸ್ಸಿಲ್ಲದ ಮನಸ್ಸಿನಿಂದ 'ಮೀಸಾ' ಕಾಯಿದೆಯಡಿ ಆಜ್ಞೆಗೆ ಸಹಿ ಹಾಕಿದರು. ತಪ್ಪಾಗಿ ಹಿಡಿಯಲ್ಪಟ್ಟ ಆ ತರುಣ ಸುಮಾರು ಒಂದು ವರ್ಷ ಸೆರೆಯಲ್ಲಿದ್ದ.

ಇವರೆಲ್ಲರ ಸಮಜಾಯಿಷಿಯ ಸಾರ ಒಂದೇ: ಮೇಲಿನಿಂದ ಅಪ್ಪಣೆ ಬಂದಿತ್ತು. "ಆ ಅಪ್ಪಣೆಯ ಕಾಗದವೆಲ್ಲಿ?" ಎಂದು ಹುಡುಕಿದಾಗ ಅನೇಕ ಪ್ರಕರಣಗಳಲ್ಲಿ ಕಾಗದವೇ ಇರಲಿಲ್ಲ. ದೂರವಾಣಿಯಲ್ಲಿ ಬಂದ ಮಾತು, ಕೊಠಡಿಗೆ ಕರೆಸಿ ಹೇಳಿದ ಮಾತು. ಮೇಲಿನವರು ತಾವು ಹಾಗೆ ಹೇಳಿಲ್ಲವೆಂದರೆ ಅಲ್ಲಿಗೆ ಮುಗಿಯಿತು.

ಇದಕ್ಕೆ ವಿರುದ್ಧವಾದ ಒಂದು ಪ್ರಸಂಗವೂ ಅಲ್ಲಿ ಬಯಲಾಯಿತು. ಸಂಜಯ ಗಾಂಧಿಯವರ ಮಾರುತಿ ಕಾರ್ಖಾನೆಯ ಬಗ್ಗೆ ಲೋಕಸಭೆಯಲ್ಲಿ ಬಂದಿದ್ದ ಪ್ರಶ್ನೆಗೆ ಉತ್ತರ ಸಿದ್ಧಪಡಿಸಲು ನಾಲ್ವರು ಅಧಿಕಾರಿಗಳು ಮಾಹಿತಿ ಕೂಡಿಸುತ್ತಿದ್ದರು. ಅದು ಅವರ ಕರ್ತವ್ಯವೇ ಆಗಿತ್ತು. ತುರ್ತು ಪರಿಸ್ಥಿತಿಗೆ ಎರಡು ತಿಂಗಳ ಮೊದಲು, 1975ರ ಏಪ್ರಿಲ್‌ನಲ್ಲಿ, ಸಿಬಿಐ ಅವರ ಮೇಲೆ ಬಿದ್ದಿತು. ಮನೆಗಳ ಶೋಧ, ಮೊಕದ್ದಮೆ, ಅಮಾನತು ಎಲ್ಲವೂ ನಡೆದವು. ಈ ವಿಷಯದಲ್ಲಿ ಪ್ರಧಾನಿಯವರು ಕೆರಳಿದ್ದುದನ್ನು ಆಯೋಗದ ಮುಂದೆ ಹೇಳಿದವರಲ್ಲಿ ಅಂದು ಅವರದೇ ಸಂಪುಟದಲ್ಲಿ ಸಚಿವರಾಗಿದ್ದ ನಮ್ಮ ಮಣಿಪಾಲದ ಟಿ.ಎ. ಪೈ ಅವರೂ ಒಬ್ಬರು. ನಿಯಮದಂತೆ ನಡೆದವನಿಗೆ ದಂಡ, ನಿಯಮ ಮುರಿದವನಿಗೆ ರಕ್ಷಣೆ ಎಂಬ ಅಂದಿನ ರೀತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಷಾ ಅವರು 1978ರ ಮಾರ್ಚ್, ಏಪ್ರಿಲ್ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಮೂರು ಭಾಗಗಳಲ್ಲಿ ವರದಿ ಒಪ್ಪಿಸಿದರು. ಅಧಿಕಾರಿ ವರ್ಗದ ಬಗ್ಗೆ ಅವರು ಹೇಳಿದ್ದರ ಸಾರಾಂಶವಿಷ್ಟು: ಅನೇಕರು ಒಪ್ಪಿದ್ದು ಪ್ರಾಣಭಯದಿಂದಲ್ಲ, ಹುದ್ದೆ, ಬಡ್ತಿ, ವರ್ಗಾವಣೆಗಳ ಚಿಂತೆಯಿಂದ. ಸರಿ ತಪ್ಪುಗಳ ನಡುವಿನ ಗೆರೆ ಅಳಿಸಿಹೋದದ್ದು ಹೀಗೆ.

ಇನ್ನು ಹೊಣೆಗಾರರಿಗೆ ಏನಾಯಿತು? ಇಲ್ಲಿಂದ ಕಥೆ ದುಃಖಕರವಾಗುತ್ತದೆ. ಆಯೋಗಕ್ಕೆ ಶಿಕ್ಷಿಸುವ ಅಧಿಕಾರವಿರಲಿಲ್ಲ. ಅದರ ಮುಂದೆ ಕೊಟ್ಟ ಹೇಳಿಕೆಯನ್ನು ಹೇಳಿದವನ ವಿರುದ್ಧ ನ್ಯಾಯಾಲಯದಲ್ಲಿ ಬಳಸಲು ಕಾನೂನೇ ಅವಕಾಶ ಕೊಡುವುದಿಲ್ಲ. ಇಂದಿರಾ ಗಾಂಧಿಯವರು 1978ರ ಜನವರಿಯಲ್ಲಿ ಆಯೋಗದ ಮುಂದೆ ಬಂದರಾದರೂ ಪ್ರಮಾಣವಚನ ಸ್ವೀಕರಿಸಿ ಸಾಕ್ಷ್ಯ ನುಡಿಯಲು ಒಪ್ಪಲಿಲ್ಲ. ಅದಕ್ಕೂ ಮುನ್ನ, 1977ರ ಅಕ್ಟೋಬರ್ 3ರಂದು, ಬೇರೊಂದು ಆರೋಪದ ಮೇಲೆ ಅವರನ್ನು ಬಂಧಿಸಲಾಗಿತ್ತು. ಆಧಾರ ಸಾಲದೆಂದು ಮ್ಯಾಜಿಸ್ಟ್ರೇಟರು ಮರುದಿನವೇ ಬಿಡುಗಡೆ ಮಾಡಿದರು. ಸಿದ್ಧತೆಯಿಲ್ಲದ ಆತುರ ಆರೋಪಿಯನ್ನೇ ಅನುಕಂಪಕ್ಕೆ ಪಾತ್ರಳನ್ನಾಗಿಸಿತು. 1978ರ ನವೆಂಬರಿನಲ್ಲಿ ನಮ್ಮ ಚಿಕ್ಕಮಗಳೂರಿನ ಮತದಾರರು ವೀರೇಂದ್ರ ಪಾಟೀಲರನ್ನು ಸೋಲಿಸಿ ಅವರನ್ನು ಲೋಕಸಭೆಗೆ ಕಳುಹಿಸಿದರು. ಡಿಸೆಂಬರ್ 19ರಂದು ಲೋಕಸಭೆ ಮೇಲೆ ಹೇಳಿದ ನಾಲ್ವರು ಅಧಿಕಾರಿಗಳಿಗೆ ಅಡ್ಡಿಪಡಿಸಿದ ಕಾರಣಕ್ಕಾಗಿಯೇ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಜೈಲಿಗೆ ಕಳುಹಿಸಿತು. ಅಪರಾಧ ನ್ಯಾಯಾಲಯದಲ್ಲಿ ಸಿದ್ಧವಾಗಿ ಶಿಕ್ಷೆಯಾಗುವುದು ಬೇರೆ, ಸಭೆಯಲ್ಲಿ ಬಹುಮತ ಕೈಯೆತ್ತಿ ಶಿಕ್ಷಿಸುವುದು ಬೇರೆ. ಮೊದಲನೆಯದನ್ನು ಜನ ನ್ಯಾಯವೆನ್ನುತ್ತಾರೆ. ಎರಡನೆಯದನ್ನು ಸೇಡು ಎಂದೇ ತಿಳಿಯುತ್ತಾರೆ.

ವಿಶೇಷ ನ್ಯಾಯಾಲಯಗಳ ಕಾಯಿದೆ ಬರುವ ಹೊತ್ತಿಗೆ 1979 ಆಗಿತ್ತು. ಜುಲೈಯಲ್ಲಿ ಒಳಜಗಳದಿಂದ ಸರ್ಕಾರವೇ ಉರುಳಿತು. 1980ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಮತ್ತೆ ಪ್ರಧಾನಿಯಾದರು. ಮೊಕದ್ದಮೆಗಳು ಒಂದೊಂದಾಗಿ ನೆಲಕಚ್ಚಿದವು. 'ಕಿಸ್ಸಾ ಕುರ್ಸಿ ಕಾ' ಚಲನಚಿತ್ರದ ಪ್ರತಿಗಳನ್ನು ನಾಶಪಡಿಸಿದ ಪ್ರಕರಣದಲ್ಲಿ ಕೆಳ ನ್ಯಾಯಾಲಯ ಸಂಜಯ ಗಾಂಧಿ ಮತ್ತು ವಿ.ಸಿ. ಶುಕ್ಲಾ ಅವರಿಗೆ ವಿಧಿಸಿದ್ದ ಎರಡು ವರ್ಷದ ಶಿಕ್ಷೆಯನ್ನು ಸುಪ್ರೀಂ ಕೋರ್ಟು ಅದೇ ವರ್ಷ ರದ್ದುಪಡಿಸಿತು. ಭಿಂಡರ್ ದೆಹಲಿಯ ಪೊಲೀಸ್ ಕಮಿಷನರ್ ಆದರು. ಲೆಫ್ಟಿನೆಂಟ್ ಗವರ್ನರರ ಕಾರ್ಯದರ್ಶಿಯಾಗಿದ್ದ ನವೀನ್ ಚಾವ್ಲಾ ಅವರು ನಿಷ್ಪಕ್ಷಪಾತ ಬೇಡುವ ಯಾವ ಸಾರ್ವಜನಿಕ ಹುದ್ದೆಗೂ ಅರ್ಹರಲ್ಲವೆಂದು ಆಯೋಗ ಅಭಿಪ್ರಾಯಪಟ್ಟಿತ್ತು. ಅವರು 2009ರಲ್ಲಿ ದೇಶದ ಮುಖ್ಯ ಚುನಾವಣಾ ಆಯುಕ್ತರಾದರು. ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಕಿಶನ್ ಚಂದ್ ಮಾತ್ರ 1978ರಲ್ಲಿಯೇ ಆತ್ಮಹತ್ಯೆ ಮಾಡಿಕೊಂಡಿದ್ದರು. ಕೊನೆಗೆ ಷಾ ವರದಿಯ ಪ್ರತಿಗಳೇ ಕಣ್ಮರೆಯಾದವು. ತಮಿಳುನಾಡಿನ ಹಿರಿಯ ಸಂಸದೀಯಪಟು ಇರಾ ಸೆಳಿಯನ್ ಅವರು ತಮ್ಮಲ್ಲಿದ್ದ ಪ್ರತಿಯನ್ನು 2010ರಲ್ಲಿ ಮತ್ತೆ ಅಚ್ಚು ಮಾಡಿಸಿದ್ದರಿಂದ ಅದು ಇಂದು ನಮ್ಮ ಕೈಗೆ ಸಿಗುತ್ತಿದೆ.

ಹಾಗಾದರೆ ಎಲ್ಲವೂ ವ್ಯರ್ಥವಾಯಿತೆ? ಬಹುಕಾಲ ನಾನು ಹಾಗೆಯೇ ತಿಳಿದಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ವ್ಯಕ್ತಿಗಳಿಗೆ ಶಿಕ್ಷೆಯಾಗಲಿಲ್ಲ, ನಿಜ. ಆದರೆ 1978ರ 44ನೆಯ ತಿದ್ದುಪಡಿಯಿಂದಾಗಿ, ಸಂಪುಟದ ನಿರ್ಣಯ ಲಿಖಿತವಾಗಿ ತಲುಪದೆ ರಾಷ್ಟ್ರಪತಿಗಳು ತುರ್ತು ಪರಿಸ್ಥಿತಿ ಘೋಷಿಸುವಂತಿಲ್ಲ. ಘೋಷಿಸಿದರೂ ಜೀವಿಸುವ ಹಕ್ಕನ್ನು ಅಮಾನತಿನಲ್ಲಿಡುವಂತಿಲ್ಲ. ಮೀಸಾ ಕಾಯಿದೆ ರದ್ದಾಯಿತು. ಬಂಧಿತನಿಗೆ ನ್ಯಾಯಾಲಯದ ಬಾಗಿಲು ಮುಚ್ಚಿದ್ದ 1976ರ ತೀರ್ಪನ್ನು ಸುಪ್ರೀಂ ಕೋರ್ಟು 2017ರಲ್ಲಿ ಸ್ಪಷ್ಟವಾಗಿ ತಳ್ಳಿಹಾಕಿತು. ಆ ಮೊಕದ್ದಮೆಯ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಹಳೆಯ ತೀರ್ಪು ತಪ್ಪೆಂದು ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ಅದನ್ನು ನೀಡಿದ್ದ ಪೀಠದಲ್ಲಿದ್ದ ವೈ.ವಿ. ಚಂದ್ರಚೂಡರ ಮಗ. ತಂದೆಯ ತಪ್ಪನ್ನು ಮಗ ತಪ್ಪೆಂದು ಬರೆಯಲು ನಲವತ್ತೊಂದು ವರ್ಷ ಬೇಕಾಯಿತು.

ಈಗ ನಾನು ಆ ವರದಿಗಳನ್ನು ಹುಡುಕಿ ಓದುತ್ತಿದ್ದುದರ ಕಾರಣ ಹೇಳಬೇಕು. ನನ್ನ ಮನೆಯವರಿಗೂ ಇದನ್ನು ಪೂರ್ತಿಯಾಗಿ ಹೇಳಿರಲಿಲ್ಲ.

1976ರಲ್ಲಿ ನನಗೆ ಇಪ್ಪತ್ತನಾಲ್ಕು ವರ್ಷ. ಹಳ್ಳಿಯ ಶಾಲೆಯೊಂದರಲ್ಲಿ ಮೊದಲ ನೌಕರಿ. ಒಂದು ದಿನ ಮೇಲಿನವರೊಬ್ಬರು ಶಿಕ್ಷಕರ ಸಭೆ ಕರೆದು, ಸಂತಾನಹರಣ ಶಸ್ತ್ರಚಿಕಿತ್ಸೆಯ ಶಿಬಿರಕ್ಕೆ ಪ್ರತಿಯೊಬ್ಬರೂ ಇಬ್ಬರನ್ನು ಕರೆತರಬೇಕೆಂದೂ, ಇಲ್ಲವಾದರೆ ಆ ತಿಂಗಳ ಸಂಬಳದ ಮಾತು ಎತ್ತಬಾರದೆಂದೂ ಹೇಳಿದರು. ಸುತ್ತೋಲೆ ಇರಲಿಲ್ಲ. ಯಾರೂ ಕೇಳಲೂ ಇಲ್ಲ. ನಾನು ಕರೆದೊಯ್ದವರಲ್ಲಿ ಒಬ್ಬ ಮೊಮ್ಮಕ್ಕಳನ್ನು ಕಂಡಿದ್ದ ಕೂಲಿಯಾಳು. ಅವನಿಗೆ ಆ ಶಸ್ತ್ರಚಿಕಿತ್ಸೆಯ ಅಗತ್ಯವೇ ಇರಲಿಲ್ಲ. ಅದು ನನಗೂ ಗೊತ್ತಿತ್ತು. "ಮೇಷ್ಟ್ರು ಹೇಳಿದ ಮೇಲೆ ಬರಲ್ಲ ಅನ್ನೋಕಾಗ್ತದಾ" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟ. ಗಾಯ ಕೀವಾಗಿ ಸುಗ್ಗಿಯ ಎರಡು ತಿಂಗಳು ಅವನು ಕೆಲಸಕ್ಕೆ ಹೋಗಲಾಗಲಿಲ್ಲ. ನಾನು ಅವನ ಮನೆಯ ಮುಂದಿನ ದಾರಿ ಬಿಟ್ಟು ಕೆರೆ ಏರಿಯ ಮೇಲೆ ಬಳಸಿಕೊಂಡು ಶಾಲೆಗೆ ಹೋಗುತ್ತಿದ್ದೆ.

ಪಟಿಯಾಲಾ ಹೌಸಿನ ಸಾಕ್ಷ್ಯಗಳನ್ನು ಓದುವಾಗ ನನಗೆ ಕಾಣುತ್ತಿದ್ದುದು ಆ ಶಿಬಿರದ ದಾಖಲೆ ಪುಸ್ತಕ. ಅದರಲ್ಲಿ 'ಕರೆತಂದವರು' ಎಂಬ ಅಂಕಣದಲ್ಲಿ ನನ್ನ ಸಹಿ ಇತ್ತು. ಅಪ್ಪಣೆ ಕೊಟ್ಟವರ ಹೆಸರು ಯಾವ ಕಾಗದದಲ್ಲಿಯೂ ಇರಲಿಲ್ಲ. ದೆಹಲಿಯ ಅಧಿಕಾರಿಗಳನ್ನು ಬೈಯಲು ಹೊರಟಾಗಲೆಲ್ಲ ಆ ಸಹಿ ನನ್ನ ನಾಲಗೆ ಹಿಡಿದಿದೆ. ನನ್ನನ್ನು ಯಾವ ಆಯೋಗವೂ ಕರೆಯಲಿಲ್ಲ. ಕರೆದಿದ್ದರೆ ನಾನೂ ಅದೇ ಉತ್ತರ ಹೇಳುತ್ತಿದ್ದೆ.

ಆದ್ದರಿಂದ, ಬಾಗಿಲಲ್ಲಿ ನಿಂತು ಕೇಳಿದ ನನ್ನ ಪ್ರಿಯ ವಿದ್ಯಾರ್ಥಿಯೇ, ನಿನ್ನ ಪ್ರಶ್ನೆಗೆ ಉತ್ತರವಿದು. ಸರ್ಕಾರ ಬದಲಾದ ಮೇಲೆ ಹೊಣೆ ಹೊರಿಸುವ ಕೆಲಸ ಆಳುವವರ ಮರ್ಜಿಗೆ, ಕಾಲದ ಓಟಕ್ಕೆ ಸಿಕ್ಕಿ ಹಳ್ಳ ಹಿಡಿಯುತ್ತದೆ. ಹೊಣೆಗಾರಿಕೆ ಗಟ್ಟಿಯಾಗಿ ನಿಲ್ಲಬೇಕಾದರೆ ಅದು ಅಪ್ಪಣೆ ಬಂದ ಗಳಿಗೆಯಲ್ಲಿಯೇ ಆರಂಭವಾಗಬೇಕು. ಇದಕ್ಕೆ ನಿನ್ನ ಕೈಯಲ್ಲಿ ಸಾಧನವೂ ಇದೆ. ಮೇಲಧಿಕಾರಿಯ ನಿರ್ದೇಶನ ಸಾಮಾನ್ಯವಾಗಿ ಲಿಖಿತವಾಗಿರಬೇಕು, ಬಾಯಿಮಾತಿನದಾದರೆ ಕೆಳಗಿನವನು ಲಿಖಿತ ದೃಢೀಕರಣ ಕೇಳಬೇಕು, ಮೇಲಿನವನು ಅದನ್ನು ಕೊಡಲೇಬೇಕು ಎಂದು ಅಖಿಲ ಭಾರತ ಸೇವೆಗಳ ನಡತೆ ನಿಯಮಗಳು ಹೇಳುತ್ತವೆ. ನಿವೃತ್ತ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರರ ಮೊಕದ್ದಮೆಯಲ್ಲಿ 2013ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟು, ಅಧಿಕಾರಿಗಳು ಮೌಖಿಕ ಆದೇಶಗಳ ಮೇಲೆ ನಡೆಯಬಾರದು, ಅವುಗಳನ್ನು ಬರಹಕ್ಕಿಳಿಸಬೇಕು ಎಂದಿದೆ.

"ಸ್ವಾಮಿ, ದಯವಿಟ್ಟು ಬರೆದು ಕೊಡಿ" ಎಂಬ ಮಾತು ಆಡಲು ಸುಲಭವಲ್ಲವೆಂದು ನಾನು ಬಲ್ಲೆ. ವರ್ಗಾವಣೆಯಾಗಬಹುದು, ಮಕ್ಕಳ ಶಾಲೆ ತಪ್ಪಬಹುದು. ಆದರೆ ತಪ್ಪು ಕೆಲಸ ಹೇಳುವ ಎಷ್ಟೋ ಮಂದಿ ಬರೆದು ಕೊಡಬೇಕಾದ ಹೊತ್ತಿನಲ್ಲಿ ಹಿಂದೆ ಸರಿಯುತ್ತಾರೆ. ಅಂದು ಆ ಸಭೆಯಲ್ಲಿ ನಲವತ್ತು ಜನ ಶಿಕ್ಷಕರಿದ್ದೆವು. ನಮ್ಮಲ್ಲಿ ಒಬ್ಬನಾದರೂ ಎದ್ದು ನಿಂತು ಸುತ್ತೋಲೆ ಕೇಳಿದ್ದರೆ ಏನಾಗುತ್ತಿತ್ತೋ ತಿಳಿಯದು. ಕೇಳಬೇಕಿತ್ತು ಎಂಬುದು ಮಾತ್ರ ನನಗೆ ಈಗ ತಿಳಿದಿದೆ.

ನೀನು ಕೇಳು ಮಗೂ. ನಾನು ಕೇಳಲಿಲ್ಲ.