ಪ್ರತಿಕಾಯದ ಅಂಕಿ, ರೋಗದ ತೀವ್ರತೆ: ಥೈರಾಯ್ಡ್ ರಕ್ತಪರೀಕ್ಷೆಯ ಚರಿತ್ರೆ ಮತ್ತು ಪುಣೆಯ ಒಂದು ಪಾಠ

ಥೈರಾಯ್ಡ್ ಗ್ರಂಥಿಯ ಮೇಲೆ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬೀಳುವ ಕಾಯಿಲೆ ಮೊದಲು ಕಣ್ಣಿಗೆ ಬಿದ್ದದ್ದು ಅಂಗಾಂಶದಲ್ಲಿ, ರಕ್ತದಲ್ಲಲ್ಲ. 1912ರಲ್ಲಿ ಜಪಾನಿನ ಶಸ್ತ್ರವೈದ್ಯ ಹಕಾರು ಹಶಿಮೊಟೊ ನಾಲ್ವರು ಮಹಿಳೆಯರ ಗ್ರಂಥಿಯಲ್ಲಿ ಲಿಂಫೋಸೈಟ್ ಕಣಗಳು ಕಿಕ್ಕಿರಿದಿದ್ದನ್ನು ವಿವರಿಸಿದರು. ರಕ್ತದ ಸಾಕ್ಷ್ಯ ಸಿಗಲು 1956 ಬರಬೇಕಾಯಿತು. ಆ ವರ್ಷ ಲಂಡನ್ನಿನಲ್ಲಿ ಐವನ್ ರಾಯ್ಟ್, ಡೆಬೊರಾ ಡೋನಿಯಾಕ್ ಮತ್ತು ಸಂಗಡಿಗರು ಹಶಿಮೊಟೊ ರೋಗಿಗಳ ರಕ್ತದಲ್ಲಿ ಗ್ರಂಥಿಯ ಪ್ರೋಟೀನಾದ ಥೈರೋಗ್ಲಾಬ್ಯುಲಿನ್ ವಿರುದ್ಧದ ಪ್ರತಿಕಾಯಗಳನ್ನು ಕಂಡರು; ಅಮೆರಿಕದಲ್ಲಿ ರೋಸ್ ಮತ್ತು ವಿಟೆಬ್ಸ್ಕಿ ಮೊಲಗಳಲ್ಲಿ ಇಂಥದೇ ಕಾಯಿಲೆ ತರಿಸಿ ತೋರಿಸಿದರು; ನ್ಯೂಜಿಲೆಂಡಿನಲ್ಲಿ ಆಡಮ್ಸ್ ಮತ್ತು ಪರ್ವೆಸ್ ಗ್ರಂಥಿ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆಯವರ ರಕ್ತದಲ್ಲಿ ಗ್ರಂಥಿಯನ್ನು ದೀರ್ಘಕಾಲ ಕೆರಳಿಸುವ ವಸ್ತುವನ್ನು ಪತ್ತೆಹಚ್ಚಿದರು. ಈ ಮೂರೂ ಶೋಧಗಳು ಕಾಯಿಲೆ ಏಕೆ ಬರುತ್ತದೆ ಎಂಬುದಕ್ಕೆ ಉತ್ತರ ಕೊಟ್ಟವು. ಎಷ್ಟು ತೀವ್ರವಾಗಿದೆ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೂ ಹಚ್ಚುವುದು ಸಲ್ಲದು ಎಂಬುದೇ ಈ ಲೇಖನದ ವಾದ.

1985ರಲ್ಲಿ ಥೈರಾಯ್ಡ್ ಪೆರಾಕ್ಸಿಡೇಸ್ ಎಂಬ ಕಿಣ್ವ ಪ್ರತಿಕಾಯಗಳ ಮುಖ್ಯ ಗುರಿಯೆಂದು ಖಚಿತವಾದ ಮೇಲೆ ಆಂಟಿ-ಟಿಪಿಒ ಪರೀಕ್ಷೆ ಊರೂರಿನ ಲ್ಯಾಬುಗಳಿಗೆ ಬಂತು. ವರದಿಯಲ್ಲಿ ಸಾವಿರ ದಾಟಿದ ಅಂಕಿ ಕಂಡು ಗಾಬರಿಪಡುವವರು ಬಹಳ. ಆದರೆ ಹಶಿಮೊಟೊ ಕಾಯಿಲೆಯಲ್ಲಿ ಗ್ರಂಥಿಯನ್ನು ಹಾಳುಗೆಡಹುವ ಕೆಲಸ ಬಹುಪಾಲು ಟಿ-ಲಿಂಫೋಸೈಟುಗಳದು. ಗ್ರಂಥಿಯ ಅಂಗಾಂಶವನ್ನು ಸಂಪೂರ್ಣ ತೆಗೆದರೆ ಹಾರ್ಮೋನಿನ ಕೊರತೆ ಪೂರ್ತಿಯಾಗುತ್ತದೆ, ಪ್ರತಿಕಾಯಗಳು ಮಾತ್ರ ಕಾಲಕ್ರಮದಲ್ಲಿ ಇಳಿಯುತ್ತವೆ. ತೀವ್ರತೆಯ ಅಳತೆಗೋಲಾಗಿದ್ದರೆ ಅವು ಹೀಗೆ ನಡೆದುಕೊಳ್ಳುತ್ತಿರಲಿಲ್ಲ. ಅಂಗಾಂಶದ ಸಾಕ್ಷ್ಯವೂ ಸರಳವಾಗಿಲ್ಲ: ಚಂಡೀಗಢದ ಪಿಜಿಐ ಆಸ್ಪತ್ರೆಯ ವೈದ್ಯರು 2007ರಲ್ಲಿ ಪ್ರಕಟಿಸಿದ 76 ರೋಗಿಗಳ ಅಧ್ಯಯನದಲ್ಲಿ, ಸೂಜಿಯಿಂದ ತೆಗೆದ ಕಣಗಳ ದರ್ಜೆಗೂ ರಕ್ತಪರೀಕ್ಷೆಯ ಫಲಿತಾಂಶಗಳಿಗೂ ಹೊಂದಾಣಿಕೆ ಸಿಗಲಿಲ್ಲ.

ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಗ್ರೇವ್ಸ್ ಕಾಯಿಲೆಯಲ್ಲಿ ಟಿ.ಎಸ್.ಎಚ್. (ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನ್) ಗ್ರಾಹಿಯ ಪ್ರತಿಕಾಯ ಹೆಚ್ಚಿದ್ದಷ್ಟೂ ಔಷಧಿ ನಿಲ್ಲಿಸಿದ ಮೇಲೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು, ಕಣ್ಣಿನ ತೊಂದರೆಯ ಜೊತೆಗೂ ಅದಕ್ಕೆ ನಂಟಿದೆ. ಒಪ್ಪಬೇಕಾದ ಮಾತೇ. ಅಲ್ಲಿ ಪ್ರತಿಕಾಯವೇ ಕಾಯಿಲೆಯನ್ನು ನಡೆಸುತ್ತದೆ, ಆದ್ದರಿಂದ ಅದರ ಪ್ರಮಾಣಕ್ಕೆ ಅರ್ಥವಿದೆ. ಹಶಿಮೊಟೊದಲ್ಲಿ ಆಂಟಿ-ಟಿಪಿಒಗೆ ಅಂಥ ಸ್ಥಾನವಿಲ್ಲ. ಇರುವುದು ಮುನ್ಸೂಚನೆಯ ಸ್ಥಾನ. ಇಂಗ್ಲೆಂಡಿನ ವಿಕಮ್ ಸಮೀಕ್ಷೆಯ ಇಪ್ಪತ್ತು ವರ್ಷಗಳ ಅನುಸರಣೆಯಲ್ಲಿ (1995), ಪ್ರತಿಕಾಯ ಮತ್ತು ಏರಿದ ಟಿ.ಎಸ್.ಎಚ್. ಎರಡೂ ಇದ್ದ ಮಹಿಳೆಯರಲ್ಲಿ ವರ್ಷಕ್ಕೆ ಶೇ. 4.3ರಷ್ಟು ಮಂದಿಗೆ ಹಾರ್ಮೋನ್ ಕೊರತೆ ಬಂತು. ಪ್ರತಿಕಾಯ ಮಾತ್ರ ಇದ್ದವರಲ್ಲಿ ಶೇ. 2.1. ಮುಂದಿನ ಅಪಾಯವನ್ನು ಇಂದಿನ ತೀವ್ರತೆಯೆಂದು ಓದಬಾರದು.

ಈಗ ಬಿ12, ವಿಟಮಿನ್ ಡಿ, ನ್ಯೂಟ್ರೋಫಿಲ್-ಲಿಂಫೋಸೈಟ್ ಅನುಪಾತಗಳನ್ನೂ ತೀವ್ರತೆಯ ಸೂಚಕಗಳೆಂದು ಮುಂದಿಡಲಾಗುತ್ತಿದೆ. ಪುಣೆಯ ಅನುಭವ ಉಪಯೋಗಕ್ಕೆ ಬರುವುದು ಇಲ್ಲಿಯೇ. ಕೆ.ಇ.ಎಂ. ಆಸ್ಪತ್ರೆಯ ಚಿತ್ತರಂಜನ ಯಾಜ್ಞಿಕ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪುಣೆ ನಗರ, ಕೊಳೆಗೇರಿ ಮತ್ತು ಸುತ್ತಲ ಹಳ್ಳಿಗಳ 441 ಗಂಡಸರಲ್ಲಿ ಶೇ. 67 ಮಂದಿಗೆ ಬಿ12 ಕಡಿಮೆಯಿತ್ತು; ನಗರದ ಮಧ್ಯಮ ವರ್ಗದಲ್ಲಿ ಶೇ. 81. ಅದು ಥೈರಾಯ್ಡ್ ಅಧ್ಯಯನವಲ್ಲ; ಬಿ12 ಕೊರತೆಯ ಮುಖ್ಯ ಕಾರಣಗಳಲ್ಲೊಂದು ಸಸ್ಯಾಹಾರ. ಅಂಥ ಊರಿನಲ್ಲಿ ಹಶಿಮೊಟೊ ರೋಗಿಯೊಬ್ಬರ ಬಿ12 ಕಡಿಮೆಯಿದ್ದರೆ ಅದು ಕಾಯಿಲೆಯ ಗುರುತೋ ಊಟದ ಗುರುತೋ? ಆಟೋಇಮ್ಯೂನ್ ಥೈರಾಯ್ಡ್ ಕಾಯಿಲೆಯ ಜೊತೆ ಬಿ12 ಹೀರಿಕೆಯನ್ನೇ ತಡೆಯುವ ಜಠರದ ಕಾಯಿಲೆಯೂ ಬರಬಹುದೆಂಬುದು ನಿಜ. ಆದರೆ ಅದನ್ನು ಪ್ರತ್ಯೇಕ ಪರೀಕ್ಷೆಯಿಂದ ಸ್ಥಾಪಿಸಬೇಕು, ಬರಿಯ ಅಂಕಿಯಿಂದ ಊಹಿಸಬಾರದು. ಪ್ರತಿಕಾಯದ ಅಂಕಿಯ ಪಾಡೂ ಇದೇ: ಬೆಂಗಳೂರು ಸೇರಿದಂತೆ ಎಂಟು ನಗರಗಳ 2013ರ ಸಮೀಕ್ಷೆಯಲ್ಲಿ ಶೇ. 21.85 ವಯಸ್ಕರಲ್ಲಿ ಆಂಟಿ-ಟಿಪಿಒ ಇತ್ತು, ಹೈಪೋಥೈರಾಯ್ಡಿಸಮ್ (ಹಾರ್ಮೋನ್ ಕೊರತೆ) ಇದ್ದದ್ದು ಶೇ. 10.95 ಮಂದಿಯಲ್ಲಿ. ಹಾಗಾಗಿ ಹೊಸ ಸೂಚಕವನ್ನು ಪ್ರಸ್ತಾಪಿಸುವ ಸಂಶೋಧಕರು ಅದೇ ಊರಿನ, ಅದೇ ಊಟದ ಆರೋಗ್ಯವಂತರನ್ನು ಹೋಲಿಕೆಗೆ ಇಟ್ಟುಕೊಳ್ಳಲಿ. ಅಲ್ಲಿಯವರೆಗೆ ಹಶಿಮೊಟೊ ರೋಗಿಗಳಲ್ಲಿ ಹಾರ್ಮೋನ್ ಕೊರತೆಯ ತೀವ್ರತೆಯನ್ನು ಟಿ.ಎಸ್.ಎಚ್., ಫ್ರೀ ಟಿ4 (ರಕ್ತದಲ್ಲಿನ ಮುಕ್ತ ಥೈರಾಯ್ಡ್ ಹಾರ್ಮೋನ್) ಮತ್ತು ರೋಗಿಯ ಲಕ್ಷಣಗಳಿಂದಲೇ ಓದಬೇಕು.