ಕೇತಿ ಕಣಿವೆಗೆ ಬಂದ ಭಕ್ತಿಪಂಥ

ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡು ಹೊತ್ತಿರುವ ತೊಲೆಗಳು ಶ್ರೀರಂಗಪಟ್ಟಣದವು. ಟಿಪ್ಪುವಿನ ಅರಮನೆಯ ಮರವನ್ನು ಘಟ್ಟ ಹತ್ತಿಸಿ ತಂದು, 1830ರ ಹೊತ್ತಿಗೆ ಕಟ್ಟಡ ಮುಗಿಸಿದ್ದರು. ಮದರಾಸಿನ ಗವರ್ನರ್ ಲಷಿಂಗ್ಟನ್ ಮುಂದೆ ನಿಂತು ಕಟ್ಟಿಸಿದ್ದು, ಬಿಷಪ್ಪರು ಪ್ರತಿಷ್ಠೆ ಮಾಡಿದ್ದು. ಆಳುವವರ ಚರ್ಚು ಅದು.

1846ರಲ್ಲಿ ಕೂನೂರು ದಾರಿಯ ಕೇತಿಗೆ ಬಂದು ಬಿಡಾರ ಹೂಡಿದ ಕ್ರೈಸ್ತರ ಬಗೆಯೇ ಬೇರೆ. ಇವರು ಬಾಸೆಲ್ ಮಿಷನ್ನಿನವರು. ಹೆಚ್ಚಿನವರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಅವರ ನಾಡಿನಲ್ಲಿ ಲೂಥರನ ಸುಧಾರಣೆಯೂ ಕಾಲಕ್ರಮದಲ್ಲಿ ಸರ್ಕಾರಿ ಚರ್ಚಾಗಿ, ಪಂಡಿತರ ವಾಗ್ವಾದವಾಗಿ ಒಣಗಿತ್ತು. ಅದಕ್ಕೆ ಎದುರಾಗಿ 1675ರಲ್ಲಿ ಫಿಲಿಪ್ ಸ್ಪೆನರ್ ಎಂಬ ಪಾದ್ರಿ ಪುಸ್ತಕವೊಂದನ್ನು ಬರೆದ: ದೇವರ ವಾಕ್ಯ ಪಾದ್ರಿಯೊಬ್ಬನ ಸೊತ್ತಲ್ಲ, ಮನೆಮನೆಯಲ್ಲಿ ಕೂಡಿ ಓದಬೇಕು, ಬದುಕಿನಲ್ಲಿ ಕಾಣಬೇಕು. ಅಲ್ಲಿಂದ ಬೆಳೆದದ್ದು ಪಿಯೆಟಿಸಂ ಎಂಬ ಭಕ್ತಿಪಂಥ. ಚಮ್ಮಾರರು, ನೇಕಾರರು ಮನೆಯಲ್ಲಿ ಕೂತು ಬೈಬಲ್ ಓದುವುದನ್ನು ಅಧಿಕಾರಿಗಳು ಶಂಕೆಯಿಂದಲೇ ನೋಡಿದರು. ವುರ್ಟೆಂಬರ್ಗಿನಲ್ಲಿ ಇಂಥ ಕೂಟಗಳಿಗೆ ಕಟ್ಟಳೆಗಳ ಸಮೇತ ಒಪ್ಪಿಗೆ ಸಿಕ್ಕಿದ್ದು 1743ರಲ್ಲಿ. ವಚನಕಾರರ ನಾಡಿನ ಓದುಗರಿಗೆ ದೇವರ ವಾಕ್ಯವನ್ನು ಬದುಕಿನಲ್ಲೇ ಕಾಣುವ ಈ ಹಂಬಲ ಅಪರಿಚಿತವೇನಲ್ಲ.

ಈ ಭಕ್ತಿಪಂಥದ ಮಡಿಲಲ್ಲೇ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ನೀಲಗಿರಿಗೆ ಅದನ್ನು ಕರೆಸಿಕೊಂಡವರು ಕ್ಯಾಸಮೇಜರ್, ಕಂಪನಿ ಕೆಲಸದಿಂದ ನಿವೃತ್ತರಾಗಿ ಕೇತಿಯಲ್ಲಿ ನೆಲೆಸಿದ್ದವರು. ಬೆಟ್ಟದ ಬೇಸಾಯಗಾರರಾದ ಬಡಗರ ಮಕ್ಕಳಿಗೆ ಶಾಲೆ ತೆರೆದ ಅವರು 1849ರಲ್ಲಿ ತೀರಿಕೊಂಡಾಗ ಆಸ್ತಿಯ ಬಹುಪಾಲನ್ನು ಮಿಷನ್ನಿಗೆ ಬಿಟ್ಟುಹೋದರು.

ಹಣವಿತ್ತು, ಶಾಲೆಯಿತ್ತು. ಕೇಳುವವರೂ ಇದ್ದರು. ಆದರೆ ಮೊದಲ ಬಡಗ ದೀಕ್ಷಾಸ್ನಾನ ಪಡೆದದ್ದು 1858ರಲ್ಲಿ, ಹನ್ನೆರಡು ವರ್ಷ ಕಾದ ಮೇಲೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬಡಗರ ಹಟ್ಟಿಯಲ್ಲಿ ಒಬ್ಬನೇ ಎದ್ದು ದೇವರನ್ನು ಬದಲಿಸುವುದೆಂದರೆ ಹೊಲ, ಹಸು, ಹೆಣ್ಣು ಕೊಡುವ ಮನೆ, ಸತ್ತಾಗ ಹೆಗಲು ಕೊಡುವವರು ಎಲ್ಲವನ್ನೂ ಪಣಕ್ಕಿಟ್ಟಂತೆ. ಪಾಪದ ಅರಿವೂ ಅವರಿಗೆ ಹೊಸದಾಗಿರಲಿಲ್ಲ. ಸಾವಿನ ದಿನ ಹಿರಿಯನೊಬ್ಬ ಸತ್ತವನ ಪರವಾಗಿ ಪಾಪಗಳನ್ನು ಒಂದೊಂದಾಗಿ ಹೆಸರಿಸುತ್ತಾನೆ. ಸಾವಿರದ ಮುನ್ನೂರು ಎಂಬುದು ಅಲ್ಲಿನ ಲೆಕ್ಕ. ಆ ಹೊರೆಯನ್ನು ಆಗ ಕರುವಿನ ಮೇಲೆ ಹೊರಿಸಿ ಬಿಟ್ಟುಬಿಡುತ್ತಿದ್ದರು. ಸ್ವಂತ ಪಾಪಕ್ಕೆ ತಾನೇ ಕಣ್ಣೀರಿಡಬೇಕೆಂದು ನಂಬಿ ಬಂದ ಜರ್ಮನರು, ಇಡೀ ಹಟ್ಟಿಯೇ ಒಬ್ಬನ ಪಾಪ ಕಳೆಯಲು ನಿಂತದ್ದನ್ನು ಕಂಡರು. ನೀಲಗಿರಿಯ ಮಿಷನ್ ಚರಿತ್ರೆಯಲ್ಲಿ ಇದಕ್ಕಿಂತ ಆಳವಾದ ಮುಖಾಮುಖಿ ಮತ್ತೊಂದಿಲ್ಲ.

ಈ ಮುಖಾಮುಖಿಯನ್ನು ಹತ್ತಿರದಿಂದ ಬಲ್ಲವನು ಯೋಹಾನ್ ಫ್ರೀಡ್ರಿಕ್ ಮೆಟ್ಸ್. ಬೆಟ್ಟದಿಂದ ಬೆಟ್ಟಕ್ಕೆ ನಡೆದು, ಬಡಗರ ಜೊತೆ ಬಡಗ ನುಡಿಯಲ್ಲೇ ಮಾತಾಡಿದವನು. ತೊದವರು, ಕೋತರ ಬಳಿಗೂ ಹೋದವನು. ಬೆಟ್ಟದ ಬುಡಕಟ್ಟುಗಳ ಬಗ್ಗೆ ಅವನು ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1864ರಲ್ಲಿ ಮಂಗಳೂರಿನಲ್ಲಿ ಎರಡನೆಯ ಮುದ್ರಣ ಕಂಡಿತು. ಅವನ ತೀರ್ಪುಗಳು ಹಲವೆಡೆ ಕಟುವಾಗಿವೆ, ಒಪ್ಪಲಾಗದು; ಆದರೂ ಆ ಕಾಲದ ಹಟ್ಟಿಗಳನ್ನು ತಿಳಿಯಲು ಅವನ ಬರಹ ಬೇಕೇ ಬೇಕು.

1867ರಲ್ಲಿ ಕೋಟಗಿರಿಯಲ್ಲೂ ಮಿಷನ್ನಿನ ಠಾಣೆಯಾಯಿತು. 1914ರ ಯುದ್ಧದಲ್ಲಿ ಜರ್ಮನ್ ಪಾದ್ರಿಗಳು ಶತ್ರುದೇಶದವರಾಗಿ ಬಂಧನಕ್ಕೊಳಗಾದರು, ಕೆಲಸ ಬೇರೆಯವರ ಕೈಸೇರಿತು. 1947ರಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದವರು ಕೂಡಿ ದಕ್ಷಿಣ ಭಾರತ ಸಭೆಯಾದಾಗ ಸೇಂಟ್ ಸ್ಟೀಫನ್ಸ್ ಕೂಡ ಅದರೊಳಗೆ ಬಂತು.

ಮಂಗಳೂರಿಗೂ ಈ ಬೆಟ್ಟಕ್ಕೂ ಇದ್ದ ನಂಟಿನ ಒಂದು ಕುರುಹು 1890ರಲ್ಲಿ ಅಚ್ಚಾದ ಲೂಕನ ಸುವಾರ್ತೆ. ನುಡಿ ಬಡಗ, ಲಿಪಿ ಕನ್ನಡ. ಮನೆಮನೆಯಲ್ಲಿ ಓದಬೇಕೆಂಬ ಸ್ಪೆನರನ ಹಟ ಮನೆಮಾತಿನಲ್ಲೇ ಬಡಗರ ಹಟ್ಟಿಗೆ ಬಂದದ್ದು ಹೀಗೆ. ಇಂದು ಕೇತಿಯ ಬಡಗ ಮಕ್ಕಳು ಶಾಲೆಯಲ್ಲಿ ಕಲಿಯುವ ಅಕ್ಷರ ತಮಿಳಿನದು. ಆ ಪುಸ್ತಕವನ್ನು ಗಟ್ಟಿಯಾಗಿ ಓದಿದರೆ ಅವರಿಗೆ ಅರ್ಥವಾದೀತು. ಕೈಗೆ ಕೊಟ್ಟರೆ ಓದಲು ಬಾರದು.